ಷರಾ ಕಾಲಂ ಇಲ್ಲದ ಜೀವಪಟ್ಟಿ

ಫಕೀರವ್ವನ ಮಗಳನ್ನು ಗುರುಶಾಂತವ್ವ ಕೊಂಡುಕೊಂಡದ್ದು ಒಂದು ಮೊರ ತೌಡಿಗೆ.

ಕೇಳಿದವರು ಗಾಬರಿಯಾಗುವುದು ಬೇಡ. ಆ ಸೀಮೆಯಲ್ಲಿ ಅದು ಹಿಂದಿನಿಂದ ನಡೆದುಬಂದ ಪದ್ಧತಿ. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ಮಣ್ಣಿಗೆ ಹೋದರೆ, ಮುಂದಿನ ಕೂಸನ್ನು ಹೆತ್ತವಳು ತಿಪ್ಪೆಯ ಮೇಲೆ ಮಲಗಿಸಿ, "ಇದು ನಂದಲ್ಲ, ಯಾರಿಗೆ ಬೇಕೋ ಒಯ್ಯಿರಿ" ಎಂದು ಬೆನ್ನು ತಿರುಗಿಸುತ್ತಾಳೆ. ಮಕ್ಕಳು ದಕ್ಕಿದ ಹೆಣ್ಣುಮಗಳೊಬ್ಬಳು ಬಂದು, ತಿಪ್ಪೆಯ ಮೇಲೆ ಒಂದು ಮೊರ ತೌಡು ಸುರಿದು, ಕೂಸನ್ನು ಎತ್ತಿಕೊಂಡು, ತಿಪ್ಪವ್ವ ಎಂದು ಕರೆಯುತ್ತಾಳೆ. ಆಮೇಲೆ ಸಾಕಲಿಕ್ಕೆ ಹೆತ್ತವಳ ಕೈಗೇ ಕೊಡುತ್ತಾಳೆ. ಜವರಾಯ ಹಳೇ ಗುರುತು ಹಿಡಿದು ಬಂದರೆ ಆ ಮನೆಯಲ್ಲಿ ಅವನಿಗೆ ಸೇರಿದ ಕೂಸೇ ಇಲ್ಲ, ಇರುವುದು ಮಂದಿಯ ಕೂಸು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ತಲೆ ಕೆರೆದುಕೊಂಡು, ಮುಂದೆ ಹೋಗುತ್ತಾನೆ.

ಗುರುಶಾಂತವ್ವ ಆಗ ಮೂರು ಹಳ್ಳಿಗೆ ನರ್ಸಬಾಯಿ. ಹುಟ್ಟಿದ ಕೂಸುಗಳ ಹೆಸರನ್ನು ಜೀವಪಟ್ಟಿಗೆ ಏರಿಸುವ ಕೆಲಸವೂ ಆಕೆಯದೇ. ಜೀವಪಟ್ಟಿ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಹುಟ್ಟಿದ ಗಳಿಗೆಯಿಂದ ಮನುಷ್ಯನ ಮೈಗೆ ಆದದ್ದೆಲ್ಲ ಅದರಲ್ಲಿ ಕೂಡುತ್ತ ಹೋಗುತ್ತದೆ. ಯಾವ ಆಸ್ಪತ್ರೆಗೆ ಹೋದರೂ ಯಂತ್ರಗಳು ಅದನ್ನು ಓದಿಕೊಂಡು ಮದ್ದು ಕೊಡುತ್ತವೆ. ತಾಯಿಯ ರಕ್ತದಲ್ಲಿರುವ ದೋಷ ಮಗುವಿನ ಪಟ್ಟಿಗೆ ತಾನಾಗಿ ಇಳಿಯುತ್ತದೆ. ಅದಕ್ಕೆ 'ತಾಯಿಎಳೆ' ಎಂದು ಹೆಸರು.

"ಯಕ್ಕಾ," ಎಂದಿದ್ದಳು ಬಾಣಂತಿ ಫಕೀರವ್ವ, ಹೊರಸಿನ ಮೇಲೆ ಎದ್ದು ಕೂತು. "ತಾಯಿ ಅಂತ ನನ್ನ ಹೆಸರ ಬರಿಬ್ಯಾಡ. ನಿನ್ನ ಹೆಸರ ಬರಿ. ಕೊಂಡಾಕಿ ನೀನು."

"ಹುಚ್ಚಿ, ಇದು ಸರ್ಕಾರದ ಪಟ್ಟಿ. ಸುಳ್ಳು ಬರಿಯಾಕ ಬರಂಗಿಲ್ಲ."

"ಎಲ್ಲಾರೂ ಈಗ ಕಂಪ್ಯೂಟರಿನ್ಯಾಗ ನೋಡ್ತಾರ. ಜವರಾಯ ಒಬ್ಬಾವ ನೋಡಂಗಿಲ್ಲೇನು? ಎರಡು ಕೂಸಿಗೆ ಮಣ್ಣು ಹಾಕೀನಿ ಯಕ್ಕಾ."

ಗುರುಶಾಂತವ್ವ ಪಟ್ಟಿ ತೆರೆದಳು. ತಾಯಿ ಎಂಬ ಅಂಕಣದಲ್ಲಿ ತನ್ನ ಹೆಸರು ಬರೆದಳು. ಆದರೆ ಆಕೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡದೆ ನೀರು ಮುಟ್ಟದ ಹೆಂಗಸು. ಮನಸ್ಸು ಚುಚ್ಚಿತು. ಪಟ್ಟಿಯ ಕೊನೆಗೆ, ಏನು ಬೇಕಾದರೂ ಬರೆಯಬಹುದಾದ 'ಷರಾ' ಎಂಬ ಕಾಲಂ ಒಂದಿತ್ತು. ಅಲ್ಲಿ ನಿಜವನ್ನಿಟ್ಟಳು: "ಹೆತ್ತವಳು ಬೇರೆ, ಫಕೀರವ್ವ. ಅವಳ ಅಣ್ಣ ಆಪರೇಶನ್ನಿನಲ್ಲಿ ಮಂಪರು ಗಾಳಿ ಮೂಗಿಗೆ ಹಿಡಿದದ್ದೇ ದವಡೆ ಬಿಗಿದು, ಮೈ ಕೆಂಡವಾಗಿ ತೀರಿಕೊಂಡಿದ್ದಾನೆ. ಎಚ್ಚರ."

ಬರೆದು ಕಣ್ಣಿಗೊತ್ತಿಕೊಂಡಳು. ಜವರಾಯ ಷರಾ ಓದುವಷ್ಟು ಪುರುಸೊತ್ತಿನವನಲ್ಲ ಎಂದು ಆಕೆಯ ನಂಬಿಕೆ.

ಕೂಸು ದಕ್ಕಿತು. ಬೆಳೆಯಿತು. ಹೆತ್ತವಳನ್ನು 'ಹಡದವ್ವ' ಎಂದೂ ಗುರುಶಾಂತವ್ವನನ್ನು 'ತೌಡವ್ವ' ಎಂದೂ ಕರೆಯಿತು.

*

ಇಪ್ಪತ್ತಾರು ವರ್ಷ ಹೋದವು. ಗುರುಶಾಂತವ್ವ ನಿವೃತ್ತಳಾದಳು. ಫಕೀರವ್ವ ಕಾಮಾಲೆಯಾಗಿ ಕಣ್ಣು ಮುಚ್ಚಿ ಆರು ವರ್ಷವಾಗಿತ್ತು. ಜೀವಪಟ್ಟಿಯ ರೀತಿನೀತಿ ಹೇಗಿರಬೇಕೆಂದು ತೀರ್ಮಾನಿಸುವ ಮಾನಕ ಮಂಡಳಿ ಹುಬ್ಬಳ್ಳಿಯಲ್ಲಿತ್ತು. ಹದಿಮೂರು ಸದಸ್ಯರು. ಅದರಲ್ಲೊಬ್ಬರು ಹಳ್ಳಿಯ ಆರೋಗ್ಯ ಬಲ್ಲವರಿರಬೇಕೆಂದು ನಿಯಮ. ಆ ಕುರ್ಚಿಗೆ ಗುರುಶಾಂತವ್ವನನ್ನು ಕರೆದರು.

ಮಂಡಳಿಯ ಕೆಲಸ ನಿಧಾನದ್ದು. ಮೊದಲು ಕರಡು ಬರೆಯುವುದು. ಅರವತ್ತು ದಿನ ಊರಿಗೆಲ್ಲ ತೋರಿಸಿ ಆಕ್ಷೇಪಣೆ ಕೇಳುವುದು. ಬಂದ ಒಂದೊಂದು ಆಕ್ಷೇಪಣೆಗೂ 'ಒಪ್ಪಿದೆ', 'ಒಪ್ಪಿಲ್ಲ' ಎಂದು ಕಾರಣ ಸಮೇತ ಉತ್ತರ ಬರೆಯುವುದು. ಆಮೇಲೆ ಕೈ ಎತ್ತುವುದು. ಒಮ್ಮೆ ಎತ್ತಿದ ಕೈಯನ್ನು ಮೂರು ವರ್ಷ ಇಳಿಸುವಂತಿಲ್ಲ, ಮುಂದಿನ ಆವೃತ್ತಿ ಬರುವವರೆಗೆ.

ನಾಲ್ಕನೇ ಆವೃತ್ತಿಯ ಚರ್ಚೆಯಲ್ಲಿ ಅಧ್ಯಕ್ಷ ಪದ್ಮರಾಜ ಉಪಾಧ್ಯೆಯವರು ಪರದೆಯ ಮೇಲೆ ಷರಾಗಳನ್ನು ತೋರಿಸಿದರು. ಹೆಸರು ಮುಚ್ಚಿತ್ತು, ಮಾತು ಮುಚ್ಚಿರಲಿಲ್ಲ. 'ಬಾಯಿ ಜೋರು.' 'ಗಂಡ ಬಿಟ್ಟವಳು.' 'ಈ ಓಣಿಯವರು ಹೇಳಿದ್ದು ಕೇಳುವುದಿಲ್ಲ, ಕೊನೆಗೆ ನೋಡಿರಿ.' 'ಸುಳ್ಳು ಬೇನೆ.'

ಆ ಕೊನೆಯದನ್ನು ಗುರುಶಾಂತವ್ವ ಇನ್ನೊಮ್ಮೆ ಓದಿದಳು. ಆಕೆಯ ಊರಿನ ಕೆಳಗೇರಿಯ ಹುಲಿಗೆವ್ವ ಎದೆನೋವೆಂದು ಎಷ್ಟು ಸಲ ಆಸ್ಪತ್ರೆಗೆ ಹೋದರೂ ಯಾರೋ ಎಂದೋ ಬರೆದ 'ಸುಳ್ಳು ಬೇನೆ' ಅವಳಿಗಿಂತ ಮುಂಚೆ ಅಲ್ಲಿ ಹೋಗಿ ಕೂತಿರುತ್ತಿತ್ತು. ಹನ್ನೆರಡು ವರ್ಷ. ಕೊನೆಗೆ ಆಸ್ಪತ್ರೆಯ ಕಟ್ಟೆಯ ಮೇಲೆಯೇ ಎದೆ ಹಿಡಿದುಕೊಂಡು ಕೂತಲ್ಲೇ ಹೋದಳು.

ಗುರುಶಾಂತವ್ವ ಎದ್ದು ನಿಂತಳು. ಸಭೆಯಲ್ಲಿ ಆಕೆ ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. "ಈ ಕಾಲಂ ತಗದು ಒಗೀರಿ. ಮೈಯಾಗ ಏನೈತೋ ಅದಷ್ಟ ಬರೀರಿ. ಮಂದಿ ಬಾಯಾಗಿಂದು ಪಟ್ಟ್ಯಾಗ ಬ್ಯಾಡ."

ಮಂಡಳಿ ಮೇಜು ತಟ್ಟಿತು. ದಾಖಲೆ ಕೋಣೆಯಲ್ಲೇ ತಲೆ ನೆರೆಸಿಕೊಂಡ ಹಳೇ ಗುಮಾಸ್ತ ಕರಬಸಯ್ಯ ಎಂಬ ಸದಸ್ಯರೊಬ್ಬರು ಮಾತ್ರ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುತ್ತ, "ನರ್ಸಬಾಯಾರ, ಕಾಲಂ ಸಾಲದ ನಿಜ ಎಲ್ಲಿ ಹೋಗಬೇಕ್ರಿ ಮತ್ತ? ಅದಕ್ಕೊಂದು ಜಗಲಿ ಬೇಕಲ್ಲ ಕೂಡಾಕ," ಎಂದರು.

"ಜಗಲಿ ಮ್ಯಾಲ ಚಾಡಿ ಹೇಳಾವ್ರ ಕುಂತಾರ ಅಜ್ಜಾರ," ಎಂದಳು ಆಕೆ. ಎಲ್ಲರೂ ನಕ್ಕರು. ಕರಬಸಯ್ಯನವರೂ ನಕ್ಕರು.

ಅರವತ್ತು ದಿನದ ಆಕ್ಷೇಪಣೆ ಮುಗಿದ ಮೇಲೆ ಹನ್ನೆರಡು ಕೈ ಎದ್ದವು. ಒಂದನೇ ತಾರೀಖಿನಿಂದ ನಾಡಿನ ಸಮಸ್ತ ಷರಾಗಳಿಗೂ ಮುದ್ರೆ ಬಿತ್ತು. ವೈದ್ಯರಿಗೂ ಕಾಣವು, ಯಂತ್ರಕ್ಕೂ ಕಾಣವು. ಆ ಸಂಜೆ ಗುರುಶಾಂತವ್ವ ಹುಲಿಗೆವ್ವನ ಹೆಸರಿನಲ್ಲಿ ದೀಪ ಹಚ್ಚಿದಳು.

ತಿಪ್ಪವ್ವನ ಷರಾ ಆಕೆಗೆ ನೆನಪಾಗಲಿಲ್ಲ. ಕೆಲಸದಲ್ಲಿದ್ದಷ್ಟು ವರ್ಷ ಎಷ್ಟು ಷರಾ ಬರೆದಿದ್ದಳೋ!

*

ಇಪ್ಪತ್ತು ದಿನ ಕಳೆದು ಒಂದು ಬೆಳಿಗ್ಗೆ, ತಿಪ್ಪವ್ವ ಕೌದಿ ಹೊಲಿಯುತ್ತಿದ್ದವಳು ಸೂಜಿ ಬಿಟ್ಟು ಹೊಟ್ಟೆ ಹಿಡಿದುಕೊಂಡಳು. ಬಲಮಗ್ಗುಲ ನೋವು ಎರಡು ದಿನದಿಂದ ಇತ್ತಂತೆ. ಮದುವೆಮನೆಯ ಕೌದಿ ಮುಗಿಯಲಿ ಎಂದು ಬಾಯಿ ಬಿಟ್ಟಿರಲಿಲ್ಲ. ಗಂಡ ಮೈಲಾರಿ ಟ್ರ್ಯಾಕ್ಟರ್ ಅಲ್ಲೇ ನಿಲ್ಲಿಸಿ ಓಡಿ ಬಂದ. ಅವರಿವರ ಜೀಪು ಹಿಡಿದು, ಗುರುಶಾಂತವ್ವನನ್ನೂ ಹತ್ತಿಸಿಕೊಂಡು ಗದಗಿನ ಆಸ್ಪತ್ರೆ ಸೇರಿದಾಗ ಒಂಬತ್ತೂವರೆ. ಅಪೆಂಡಿಕ್ಸ್ ಒಡೆದು ಹೊಟ್ಟೆಯ ತುಂಬ ನಂಜಾಗಿತ್ತು. ಕೊಯ್ಯಬೇಕು, ಇವತ್ತೇ.

"ಆಪರೇಶನ್ ಅಂದ್ರ ನಿದ್ದಿ ಮಾಡಸ್ತಾರಲ್ಲ ತೌಡವ್ವ?" ಎಂದಳು ತಿಪ್ಪವ್ವ, ಹಲ್ಲು ಕಚ್ಚಿಕೊಂಡು ನಗುತ್ತ. "ಲಗ್ನ ಆದಾಗಿಂದ ಒಂದು ಛಲೋ ನಿದ್ದಿ ಆಗಿಲ್ಲ. ಮಾಡಸ್ರಿ."

ಆಗ ನೆನಪಾಯಿತು.

ಗುರುಶಾಂತವ್ವ ಮಂಚದ ಸರಳು ಹಿಡಿದುಕೊಂಡಳು. ಫಕೀರವ್ವನ ಅಣ್ಣ. ದವಡೆ ಬಿಗಿದು ಬಾಯಿ ಬಿಡಿಸಲಾಗದೆ ಹೋದವನು. ಒಣಗಿದ ಕಟ್ಟಿಗೆಗೆ ಬೆಂಕಿ ಬಿದ್ದ ಹಾಗೆ ಮೈ ಸುಡುತ್ತಿತ್ತು ಎಂದು ಫಕೀರವ್ವ ಹೇಳುತ್ತಿದ್ದಳು. ಕೆಲವು ಮನೆತನಗಳ ಸ್ನಾಯುವಿನಲ್ಲೇ ಆ ದೋಷ ಇರುತ್ತದೆ. ಉಸಿರಿನಲ್ಲಿ ಕೊಡುವ ಮಂಪರು ಗಾಳಿ ಅವರಿಗೆ ವಿಷ. ನರದೊಳಗೆ ಬಿಡುವ ಬೇರೆ ಮದ್ದು ಕೊಟ್ಟರೆ ಏನೂ ಆಗುವುದಿಲ್ಲ. ಅಷ್ಟೇ ವ್ಯತ್ಯಾಸ. ಅಷ್ಟು ಯಾರಾದರೂ ಯಂತ್ರಕ್ಕೆ ಹೇಳಬೇಕು.

ಮಂಪರು ಕೊಡುವ ವೈದ್ಯೆ ಶಾಹೀನ್ ನಡುವಯಸ್ಸಿನವಳು, ಮೆತ್ತಗೆ ಮಾತಾಡುವವಳು. ಗುರುಶಾಂತವ್ವ ಹೇಳಿದ್ದನ್ನೆಲ್ಲ ತಡೆಯದೆ ಕೇಳಿದಳು. ಕೇಳಿ, ಸುಳ್ಳೆನ್ನಲಿಲ್ಲ.

"ನಾ ನಂಬ್ತೀನಿ ಅವ್ವಾರ. ಆದ್ರ ನಾ ನಂಬಿ ಏನು ಮಾಡ್ಲಿ?"

ನಿದ್ದೆಯಂತ್ರದ ಪಕ್ಕಕ್ಕೆ ಕರೆದೊಯ್ದಳು. ಬೀರುವಿನಂಥ ಬಿಳಿ ಯಂತ್ರ. ಎಲ್ಲ ಬಗೆಯ ಮಂಪರು ಮದ್ದೂ ಅದರ ಹೊಟ್ಟೆಯೊಳಗೇ ಇದೆ, ಹೊರಗೆಲ್ಲೂ ಇಲ್ಲ. ಯಾವುದನ್ನು ಹೊರಗೆ ಬಿಡಬೇಕೆಂದು ರೋಗಿಯ ಜೀವಪಟ್ಟಿ ಓದಿ ತಾನೇ ಆರಿಸುತ್ತದೆ. "ನಾ ಇದನ್ನ ನಿಲ್ಲಸಬಹುದು. ಬ್ಯಾರೆ ಮದ್ದು ತಗೀ ಅನ್ನಾಕ ಪಟ್ಟ್ಯಾಗ ಕಾರಣ ಇರಬೇಕು. ಮೊದಲ ಷರಾ ಅಂತ ಇತ್ತು. ಅದನ್ನ ಓದಿ ಒಪ್ಪಿಗಿ ಒತ್ತೋತನ ಯಂತ್ರ ತೆರೀತಿದ್ದಿಲ್ಲ. ಓದಿದ್ರ ನಮಗ ತಿಳಿದಂಗ ಆರಸಾಕ ಬರ್ತಿತ್ತು. ಯಾರೋ ಪುಣ್ಯಾತ್ಮರು ಈ ತಿಂಗಳ ತಗಸ್ಯಾರ."

ಗುರುಶಾಂತವ್ವ ಯಂತ್ರದ ಬಿಳಿ ಬಾಗಿಲನ್ನೇ ನೋಡುತ್ತ ನಿಂತಳು. ಅದರಲ್ಲಿ ತನ್ನ ಮುಖ ಮಸುಕಾಗಿ ಕಾಣುತ್ತಿತ್ತು. "ನಾನ ತಗಸಿದ್ದು," ಎಂದಳು.

ಶಾಹೀನ್ ಕುರ್ಚಿ ಎಳೆದು ಕೂರಿಸಿದಳು.

"ಹುಬ್ಬಳ್ಳಿಗೆ ಒಯ್ದರ?"

"ಎಲ್ಲಾ ಕಡೆ ಇದ ಯಂತ್ರ, ಇದ ಪಟ್ಟಿ. ಅದಕ್ಕ ಅಲ್ಲೇನ್ರಿ ಮಾನಕ ಅನ್ನೂದು? ರಕ್ತ ತಗದು ಪರೀಕ್ಷಾ ಮಾಡಸಬಹುದು, ಉತ್ತರ ಬರಾಕ ಮೂರು ವಾರ. ನಂಜು ಮೂರು ತಾಸು ತಡಿಯಂಗಿಲ್ಲ." ಗಡಿಯಾರ ನೋಡಿದಳು. "ಮಧ್ಯಾಹ್ನ ಒಂದರತನ ನಾ ಹೆಂಗಾರ ಕಾಯ್ತೀನಿ. ಅದರಾಚಿಗೆ ಕೊಯ್ಯದಿದ್ರೂ ಜೀವ ಹೋಗತದ."

*

ಗುರುಶಾಂತವ್ವ ಉಪಾಧ್ಯೆಯವರಿಗೆ ಫೋನು ಹಚ್ಚಿದಳು. ಅವರು ಒಳ್ಳೆಯ ಮನುಷ್ಯ. ಸಭೆ ಬಿಟ್ಟು ಹೊರಗೆ ಬಂದು ಮಾತಾಡಿದರು.

"ಷರಾ ತೆರೆಯುವ ಕೀಲಿ ನನ್ನ ಕೈಯಲ್ಲೂ ಇಲ್ಲ ತಾಯೀ. ಒಬ್ಬರ ಕೈಯಲ್ಲಿ ಇರಬಾರದು ಅಂತ ನಾವೇ ಬರೆದದ್ದಲ್ಲವೇ, ಎಂಟನೇ ನಿಯಮ."

"ತಾಯಿ ಹೆಸರ ತಿದ್ದಾಕ ಬರತದೇನ್ರಿ?"

"ಬರತದ. ಇಬ್ಬರು ತಾಯಂದಿರೂ ಕೂಡಿ ಬಂದು ಹೆಬ್ಬೆಟ್ಟು ಒತ್ತಬೇಕು."

"ಒಬ್ಬಾಕಿ ಮಣ್ಣಾಗ ಅದಾಳ್ರಿ."

"ನಿಮ್ಮ ಆಕ್ಷೇಪಣೆ ನಾನೇ ಕೈಯಾರೆ ಬರೆದುಕೊಳ್ತೀನಿ. ಐದನೇ ಆವೃತ್ತಿಗೆ ಇದನ್ನ ಮೊದಲನೇ ವಿಷಯ ಮಾಡೋಣ," ಎಂದರು. ಅವರ ದನಿ ನಡುಗುತ್ತಿತ್ತು. ಆ ನಡುಕ ನಿಜವಾದದ್ದು. ಅದರಿಂದ ಏನೂ ಆಗುವಂತಿರಲಿಲ್ಲ.

ಫೋನು ಇಟ್ಟು ಗುರುಶಾಂತವ್ವ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡಿದ್ದ ವಿಭೂತಿ ಬಿಚ್ಚಿ ಹಣೆಗೆ ಹಚ್ಚಿಕೊಂಡಳು. ಶಿವನೇ, ನಾನು ಯಾರಿಗೂ ಕೇಡು ಬಗೆಯಲಿಲ್ಲ. ಒಂದು ಕೂಸು ಉಳಿಯಲಿ ಎಂದು ಸುಳ್ಳು ಬರೆದೆ, ಒಬ್ಬ ಹೆಂಗಸಿಗೆ ನ್ಯಾಯ ಸಿಗಲಿ ಎಂದು ನಿಜ ಅಳಿಸಿದೆ. ಎರಡೂ ನಿನ್ನ ಎದುರೇ ಮಾಡಿದೆ. ಕಣ್ಣು ಮುಚ್ಚಿ ಕೂತಳು. ಪಕ್ಕದ ಮಂಚದಲ್ಲಿ ತಿಪ್ಪವ್ವ ನರಳುವುದು ಮಾತ್ರ ಕೇಳುತ್ತಿತ್ತು.

ಶಾಹೀನ್ ಇನ್ನೊಮ್ಮೆ ಬಂದು ಪಟ್ಟಿ ತಿರುವಿ ಹಾಕುತ್ತ, ತನ್ನಷ್ಟಕ್ಕೆ ಅಂದುಕೊಂಡಳು: "ಇದಕ್ಕ ಮ್ಯಾಲಿಂದ ಬರಬೇಕು. ತಾಯಿ ಪಟ್ಟ್ಯಾಗ ಇದ್ದಿದ್ರ ತಾನ ಇಳೀತಿತ್ತು."

ಗುರುಶಾಂತವ್ವ ಕಣ್ಣು ತೆರೆದಳು.

ತಾಯಿ ಪಟ್ಟಿ. ಯಂತ್ರದ ಲೆಕ್ಕದಲ್ಲಿ ತಾಯಿ ಯಾರು?

ಜೀವಪಟ್ಟಿಗಿಂತ ಮುಂಚೆ ಹುಟ್ಟಿದವರಿಗೆ ಮಂಡಳಿ ಒಂದು ಸವಲತ್ತು ಇಟ್ಟಿತ್ತು. ಅವರ ಮೈಗೆ ಹಿಂದೆ ಆದದ್ದನ್ನು ಸಾಕ್ಷಿ ಹೇಳಲು ಯಾವ ಯಂತ್ರವೂ ಇಲ್ಲವಲ್ಲ. ಹಾಗಾಗಿ ತಮ್ಮ ಹಳೆಯ ಸಂಗತಿಯನ್ನು ಅವರೇ ಹೆಬ್ಬೆಟ್ಟು ಒತ್ತಿ ಹೇಳಿದರೆ ಪಟ್ಟಿ ನಂಬುತ್ತಿತ್ತು. ತಿಪ್ಪವ್ವನ ಮೈಗೆ ಆದದ್ದೆಲ್ಲ ಪಟ್ಟಿಗೆ ಗೊತ್ತು, ಅವಳು ಸುಳ್ಳು ಹೇಳುವಂತಿಲ್ಲ. ಮುದುಕರು ಹೇಳಬಹುದು.

ಆಸ್ಪತ್ರೆಯ ಹೊರಗೆ ಇಂಥ ಹೇಳಿಕೆ ಬರೆದುಕೊಳ್ಳುವ ಕಟ್ಟೆ. ಗುರುಶಾಂತವ್ವ ಅಲ್ಲಿಯ ಪರದೆಯ ಮುಂದೆ ನಿಂತು ಹೆಬ್ಬೆಟ್ಟು ಒತ್ತಿದಳು. ಪರದೆ ಕೇಳಿತು: ಏನಾಗಿತ್ತು? ಎಂದು? ಎಲ್ಲಿ?

ಮೂವತ್ತೆಂಟು ವರ್ಷದ ಹಿಂದೆ ಸರ್ಕಾರಿ ಶಿಬಿರದಲ್ಲಿ ಆಕೆಗೆ ಹರ್ನಿಯಾ ಆಪರೇಶನ್ ಆದದ್ದು ನಿಜ. ಆದದ್ದು ಹೂವೆತ್ತಿದ ಹಾಗೆ. ಸಂಜೆಗೆ ಎದ್ದು ಚಹಾ ಕುಡಿದಿದ್ದಳು.

"ಮಂಪರು ಗಾಳಿ ಕೊಟ್ಟಾಗ," ಎಂದಳು ಗುರುಶಾಂತವ್ವ, ನಿಧಾನಕ್ಕೆ, "ನನ್ನ ದವಡಿ ಬಿಗೀತು. ಮೈ ಕೆಂಡ ಆತು. ಸಾಯೂದು ತಪ್ಪಿ ಬದುಕಿದೆ."

ಪರದೆ ಆ ಮಾತಿಗೆ ಸರಿಹೊಂದುವ ರೋಗದ ಅಂಕಿ ಹುಡುಕಿ ತೋರಿಸಿ, 'ಇದು ನಿಜವೇ?' ಎಂದಿತು. ಐವತ್ತು ವರ್ಷ ಲಿಂಗ ಹಿಡಿದ ಕೈ. ಹೆಬ್ಬೆಟ್ಟು ಇಟ್ಟಳು.

'ನಿಮ್ಮ ಹೇಳಿಕೆ ಪರಿಶೀಲನೆಯಲ್ಲಿದೆ. ತಾಯಿಎಳೆಯಲ್ಲಿ ಇಳಿಯಲು ಕೆಲವು ತಾಸು ಬೇಕಾಗಬಹುದು.'

ಆಗ ಹನ್ನೊಂದೂ ಹತ್ತು.

*

ಆಮೇಲೆ ಮಾಡಲಿಕ್ಕೆ ಏನೂ ಇರಲಿಲ್ಲ. ಕಾಯುವುದು. ಮೈಲಾರಿ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದ. ತಿಪ್ಪವ್ವನ ನಗೆಚಾಟಿಕೆ ನಿಂತಿತ್ತು; ತುಟಿ ಒಣಗಿ, ಜ್ವರ ಏರುತ್ತಿತ್ತು. ಹನ್ನೆರಡಾಯಿತು. ಶಾಹೀನ್ ಪಟ್ಟಿ ನೋಡಿ ತಲೆ ಅಲ್ಲಾಡಿಸಿ ಹೋದಳು. ಹನ್ನೆರಡೂವರೆ. ಗುರುಶಾಂತವ್ವ ತಿಪ್ಪವ್ವನ ಅಂಗಾಲು ತಿಕ್ಕುತ್ತಿದ್ದಳು. ಕೂಸಾಗಿದ್ದಾಗ ತಿಪ್ಪೆಯಿಂದ ಎತ್ತಿಕೊಂಡಾಗಲೂ ಅಂಗಾಲಿಗೆ ತೌಡು ಮೆತ್ತಿಕೊಂಡಿತ್ತು, ಹೀಗೇ ಒರೆಸಿದ್ದಳು.

ಹನ್ನೆರಡೂ ನಲವತ್ತಕ್ಕೆ ಫೋನು ಬಡಿದುಕೊಂಡಿತು. ಆಕೆಯ ಸ್ವಂತ ಮಗಳು ಶಿವಲೀಲಾ, ರೋಣದಿಂದ.

"ಯವ್ವಾ! ನನಗ, ನನ್ನ ಎರಡೂ ಮಕ್ಕಳಿಗೆ ಪಟ್ಟ್ಯಾಗ ಹಳದಿ ಗುರುತು ಬಿದ್ದೈತಿ! ತಾಯಿ ಕಡಿಂದ ಬಂದದ್ದು ಅಂತ ತೋರಸ್ತೈತಿ. ನಿನಗ ಯಾವಾಗ ಆಗಿತ್ತ ಹಿಂಗ? ನನಗ್ಯಾಕ ಹೇಳಲಿಲ್ಲ?"

"ಈಗ ಹೇಳೀನಲ್ಲವಾ," ಎಂದಳು ಗುರುಶಾಂತವ್ವ.

"ಇಷ್ಟು ವರ್ಷ ಹೊಟ್ಟ್ಯಾಗ ಇಟಗೊಂಡು ಕುಂತಿದ್ದೇನು? ಎಂಥಾ ತಾಯಿ ನೀನು!"

ಆಕೆ ಫೋನು ಎದೆಗೊತ್ತಿಕೊಂಡು ಓಡಿದಳು. ಶಾಹೀನ್ ಯಂತ್ರದ ಮುಂದೆಯೇ ನಿಂತಿದ್ದಳು. ಒಂದಕ್ಕೆ ನಾಲ್ಕು ನಿಮಿಷ ಇರುವಾಗ ತಿಪ್ಪವ್ವನ ಪಟ್ಟಿಯ ತುದಿಗೆ ಹಳದಿ ಗುರುತು ಮೂಡಿತು. ಯಂತ್ರದೊಳಗೆ ಏನೋ ಕಟ್ಟೆಂದು ಸರಿದು, ಗಾಳಿಯ ಕೊಳವೆ ಮುಚ್ಚಿ, ಬೇರೆ ಮದ್ದಿನ ಬಾಗಿಲು ತೆರೆಯಿತು.

ಶಾಹೀನ್ ತಿರುಗಿ ನೋಡಿದಳು. "ಅಲ್ಲಾ ನಿಮ್ಮನ್ನ ಕ್ಷಮಸ್ತಾನ ಅವ್ವಾರ," ಎಂದಷ್ಟೇ ಹೇಳಿ ಒಳಗೆ ಹೋದಳು.

*

ತಿಪ್ಪವ್ವ ಉಳಿದಳು. ಎರಡು ತಿಂಗಳಿಗೆ ಕೌದಿಯನ್ನೂ ಮುಗಿಸಿದಳು.

ಗುರುಶಾಂತವ್ವನ ಆಕ್ಷೇಪಣೆಗೆ ಉತ್ತರ ಬಂದಿತ್ತು. ಉಪಾಧ್ಯೆಯವರು ಬರೆದುಕೊಂಡದ್ದು ನಿಜ. ಪರಿಶೀಲಿಸಿದವರು ಬೇರೆ ಯಾರೋ. 'ಷರಾ ಇಲ್ಲದ್ದರಿಂದ ಹಾನಿಯಾದ ಒಂದೂ ಪ್ರಕರಣ ದಾಖಲೆಯಲ್ಲಿಲ್ಲ. ಒಪ್ಪಿಲ್ಲ.'

ಮಂಡಳಿ ಮತ್ತೆ ಸೇರಿದ ದಿನ ಪರದೆಯ ಮೇಲೆ ಒಂದು ಪ್ರಕರಣ ಬಂತು. ಹೆಸರು ಮುಚ್ಚಿತ್ತು. ಗದಗ ಸೀಮೆ, ಇಪ್ಪತ್ತಾರು ವರ್ಷದ ಮಹಿಳೆ. ವರದಿ ಓದಿದ ತರುಣ ಅಧಿಕಾರಿ ಉತ್ಸಾಹದಿಂದ ಹೇಳಿದ: "ಈ ಮಹಿಳೆಗೆ ಹಿಂದೆ ಯಾವ ಸೂಚನೆಯೂ ಇರಲಿಲ್ಲ. ತಾಯಿಎಳೆಯೊಂದೇ ಎಚ್ಚರಿಸಿ ಜೀವ ಉಳಿಸಿತು. ನಾಲ್ಕನೇ ಆವೃತ್ತಿಯ ಮೊದಲ ಫಲ ಇದು. ಯಾರ ಷರಾವೂ ಬೇಕಾಗಲಿಲ್ಲ."

ಮೇಜು ತಟ್ಟಿದರು. ಉಪಾಧ್ಯೆಯವರು ತಟ್ಟಲಿಲ್ಲ, ಪರದೆಯನ್ನೂ ಗುರುಶಾಂತವ್ವನನ್ನೂ ನೋಡಿ, ಎಲ್ಲ ತಿಳಿದವರಂತೆ ತಲೆ ಬಗ್ಗಿಸಿದರು. ಆ ಕಾಲಂ ತೆಗೆಸಿದ ಗ್ರಾಮ ಪ್ರತಿನಿಧಿಯವರು ಎರಡು ಮಾತಾಡಬೇಕೆಂದು ಯಾರೋ ಕೂಗಿದರು.

ಗುರುಶಾಂತವ್ವ ಎದ್ದು ನಿಂತಳು. ಗಂಟಲಲ್ಲಿ ಇಡೀ ಕಥೆ ಇತ್ತು. ನಿಜ ಹೇಳಿದರೆ ಸುಳ್ಳು ಹೇಳಿಕೆಯೆಂದು ಇವತ್ತೇ ಅಳಿಸುತ್ತಾರೆ. ತಿಪ್ಪವ್ವನ ಹಳದಿ ಗುರುತು ಹೋಗುತ್ತದೆ, ಅವಳ ನಾಲ್ಕು ವರ್ಷದ ಮಗಳದ್ದೂ ಹೋಗುತ್ತದೆ. ಹೇಳದಿದ್ದರೆ? ಆ ಮೂರು ಹಳ್ಳಿಗಳಲ್ಲಿ ತೌಡಿಗೆ ಮಾರಿದ ಕೂಸುಗಳು ಇನ್ನೂ ಏಳಿದ್ದವು. ಏಳಕ್ಕೂ ಆಕೆಯೇ ಷರಾ ಬರೆದಿದ್ದಳು. ಒಂದಕ್ಕೆ ರಕ್ತ ಹೆಪ್ಪುಗಟ್ಟದ ಮನೆತನ, ಇನ್ನೊಂದಕ್ಕೆ ಏನೋ. ಉಳಿದದ್ದು ಎಷ್ಟು ನೆನೆದರೂ ನೆನಪಾಗಲೊಲ್ಲದು. ಅವರಿಗೆಲ್ಲ ಪಟ್ಟಿಯಲ್ಲಿ ತಾಯಿ ಆಕೆಯಲ್ಲ, ತೌಡು ಸುರಿದ ಬೇರೆ ಹೆಂಗಸರು; ಆಕೆ ಹೆಬ್ಬೆಟ್ಟು ಒತ್ತಿದರೂ ಅವರಿಗೆ ಇಳಿಯದು.

"ಶರಣ್ರಿ ಎಲ್ಲಾರಿಗೂ," ಎಂದಳು. ಕೂತಳು. ಸಂಕೋಚದ ಹೆಂಗಸು ಎಂದು ಇನ್ನೊಮ್ಮೆ ಮೇಜು ತಟ್ಟಿದರು.

ಸಭೆ ಮುಗಿದು ಹಾಜರಿ ಪುಸ್ತಕ ಕೈಯಿಂದ ಕೈಗೆ ಬಂತು. ಮಂಡಳಿಯ ಹಾಜರಿ ಮಾತ್ರ ಇನ್ನೂ ಕಾಗದದ್ದೇ. ಹೆಸರು, ಊರು, ಸಹಿ. ಕೊನೆಗೆ ಕೆಂಪು ಗೆರೆಯ ಆಚೆ, ಷರಾ. ಗುರುಶಾಂತವ್ವ ಸಹಿ ಮಾಡಿದಳು. ಪೆನ್ನು ಕೆಂಪು ಗೆರೆ ದಾಟಿ ಆ ಖಾಲಿ ಜಾಗದ ಮೇಲೆ ನಿಂತಿತು. ಪಕ್ಕದಲ್ಲಿ ಕರಬಸಯ್ಯನವರು ಕನ್ನಡಕ ಒರೆಸುವುದನ್ನು ನಿಲ್ಲಿಸಿ ಕಾಯುತ್ತಿದ್ದರು.

ಮೇಲಿನವರೆಲ್ಲ ಅಲ್ಲಿ ಏನೂ ಇಲ್ಲವೆಂದು ಒಂದೊಂದು ಅಡ್ಡಗೆರೆ ಎಳೆದಿದ್ದರು. ಆಕೆಯೂ ಎಳೆದಳು.